ಕಡಲಿಗೆ ಬೆನ್ನು ಹಾಕಿದ ಮನೆ: ಅಘನಾಶಿನಿ ಅಳಿವೆಯ ಗುಡ್ಡದ ಮೇಲಿನ ಒಂದು ಪ್ರಕರಣ

ಮಾಲೀಕರ ಬೇಡಿಕೆಪಟ್ಟಿಯ ಮೊದಲ ಸಾಲೇ ಸಮುದ್ರ. ಮಲಗುವ ಕೋಣೆಯಿಂದ ಸಮುದ್ರ, ಅಡುಗೆಮನೆಯಿಂದ ಸಮುದ್ರ, ಸಾಧ್ಯವಾದರೆ ಸ್ನಾನದ ಮನೆಯಿಂದಲೂ ಸಮುದ್ರ. ಅದರ ಕೆಳಗೆ ಸಮತಟ್ಟು ತಾರಸಿ, ನೆಲದಿಂದ ಸೂರಿನವರೆಗೆ ಗಾಜು, ಗುಡ್ಡದ ಅಂಚಿನಲ್ಲಿ ಈಜುಕೊಳ. ಕಟ್ಟಿ ಮುಗಿದ ಮನೆಗೆ ಇಳಿಜಾರಾದ ಹಂಚಿನ ಮಾಡು ಇದೆ, ಈಜುಕೊಳವಿಲ್ಲ, ಮಲಗುವ ಕೋಣೆಯಿಂದ ಸಮುದ್ರ ಕಾಣುವುದೇ ಇಲ್ಲ. ಆದರೂ ಮಾಲೀಕರು ಅಲ್ಲಿಯೇ ವಾಸವಾಗಿದ್ದಾರೆ, ನನ್ನೊಡನೆ ಮಾತನ್ನೂ ಬಿಟ್ಟಿಲ್ಲ. ಆ ಪಟ್ಟಿಯಿಂದ ಈ ಮನೆಗೆ ಬಂದು ತಲುಪಿದ್ದು ಹೇಗೆ ಎಂಬುದನ್ನು ವಿನ್ಯಾಸಕಾರನಾಗಿ ಇಲ್ಲಿ ದಾಖಲಿಸುತ್ತಿದ್ದೇನೆ. ಕರಾವಳಿಯ ಗುಡ್ಡಗಳಲ್ಲಿ ಜಾಗ ಕೊಳ್ಳುವವರು ಈಗ ಹೆಚ್ಚುತ್ತಿದ್ದಾರೆ, ಅವರಲ್ಲಿ ಬಹುತೇಕರ ಪಟ್ಟಿಯೂ ಇದೇ ಆಗಿರುತ್ತದೆ.

ಜಾಗ

ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ದಕ್ಷಿಣಕ್ಕೆ, ಜಂಬಿಟ್ಟಿಗೆ ಗುಡ್ಡಗಳ ಒಂದು ಸಾಲಿದೆ. ಅದರಲ್ಲಿ ಒಂದು ಎಕರೆ ಹತ್ತು ಗುಂಟೆ ಮಾಲ್ಕಿ, ಅಂದರೆ ಖಾಸಗಿ ಒಡೆತನದ ಜಮೀನು. ಪಡುವಣಕ್ಕೆ ಅರಬ್ಬೀ ಸಮುದ್ರ. ಮೂಡಣಕ್ಕೆ ಅಳಿವೆಯ ಹಿನ್ನೀರು, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಅದರಾಚೆ ಸಹ್ಯಾದ್ರಿಯ ಗೋಡೆ. ಅಳಿವೆಯ ಆಚೆ ದಡದಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರಗಳು. ಗುಡ್ಡದ ನೆತ್ತಿ ಹೆಚ್ಚು ಕಡಿಮೆ ಸಮತಟ್ಟಾಗಿದೆ, ಕರಡದ ಹುಲ್ಲು ಬೆಳೆದ ಬೋಳು ಕಲ್ಲುಹಾಸು. ಪಶ್ಚಿಮದ ಇಳಿಜಾರು ಕಡಿದು, ಪೂರ್ವದ್ದು ಸೌಮ್ಯ, ಅಲ್ಲಿ ಹಳೆಯ ಗೇರು ಮರಗಳು.

ಮಾಲೀಕ ದಂಪತಿ ಕುಮಟಾ ಮೂಲದವರು. ಬೆಂಗಳೂರಿನಲ್ಲಿ ಬಹುಕಾಲ ದುಡಿದು ಊರಿಗೆ ಮರಳಲು ನಿರ್ಧರಿಸಿ 2021ರಲ್ಲಿ ಜಾಗ ಕೊಂಡವರು. ಮಾಲೀಕರ ತಂದೆಯ ಮನೆ ಇದೇ ಗುಡ್ಡದ ಬುಡದಲ್ಲಿ, ತೋಟದ ಅಂಚಿನಲ್ಲಿ ಇದೆ. ಮೊದಲ ಚರ್ಚೆಯಲ್ಲಿ ಆ ಹಿರಿಯರು ಒಂದೇ ಪ್ರಶ್ನೆ ಕೇಳಿದರು: ಇಷ್ಟು ತಲೆಮಾರು ಇಲ್ಲಿ ಬಾಳಿದೆವು, ಗುಡ್ಡದ ತಲೆಯ ಮೇಲೆ ಒಬ್ಬನಾದರೂ ಮನೆ ಕಟ್ಟಿದ್ದಾನೆಯೇ? ಕಟ್ಟಿರಲಿಲ್ಲ. ನಮ್ಮ ಕರಾವಳಿಯ ಹಳೆಯ ಮನೆಗಳೆಲ್ಲ ಗುಡ್ಡ ಮುಗಿದು ಗದ್ದೆ ಶುರುವಾಗುವ ಗೆರೆಯ ಮೇಲೆ ನಿಂತಿವೆ. ಅಲ್ಲಿ ಬಾವಿಯಲ್ಲಿ ನೀರಿರುತ್ತದೆ, ಗಾಳಿ ತಲೆಯ ಮೇಲಿಂದ ಹಾದುಹೋಗುತ್ತದೆ. ಗುಡ್ಡ ಇದ್ದದ್ದು ಸೊಪ್ಪಿಗೆ, ಹುಲ್ಲಿಗೆ, ದನ ಮೇಯಿಸಲು, ಜಂಬಿಟ್ಟಿಗೆಯನ್ನು ಕಡಿದು ಕಟ್ಟಡದ ಚಿರೆಕಲ್ಲು ತೆಗೆಯಲು. ಹಿರಿಯರ ಪ್ರಶ್ನೆಯನ್ನು ಮಾಲೀಕರು ಹಳೆಯ ಕಾಲದ ಮಾತೆಂದು ತಳ್ಳಿಹಾಕಿದರು. ನಾನು ಅದನ್ನು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡೆ, ಏಕೆಂದರೆ ನೀರು ಎಲ್ಲಿದೆ, ಗಾಳಿ ಹೇಗೆ ಬೀಸುತ್ತದೆ ಎಂಬ ಎರಡು ತಾಂತ್ರಿಕ ಪ್ರಶ್ನೆಗಳು ಅದರೊಳಗೇ ಇದ್ದವು.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪಹಣಿಯಲ್ಲಿ ಕೃಷಿ ಜಮೀನಾಗಿದ್ದುದರಿಂದ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಕೃಷಿಯೇತರ ಪರಿವರ್ತನೆ ಬೇಕಾಯಿತು. ಅರಣ್ಯದ ಗಡಿ ಪಕ್ಕದಲ್ಲೇ ಇದ್ದುದರಿಂದ ಅಳತೆ ಮಾಡಿಸಿ ಕಲ್ಲು ನೆಡಿಸಿದೆವು. ಈ ಜಿಲ್ಲೆಯಲ್ಲಿ ಗುಡ್ಡವೆಂದರೆ ಅರಣ್ಯ, ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಅಥವಾ ಸರ್ಕಾರಿ ಜಾಗ ಆಗಿರುವ ಸಂಭವವೇ ಹೆಚ್ಚು, ಮಾಲ್ಕಿ ಅಪರೂಪ. ಕರಾವಳಿ ನಿಯಂತ್ರಣ ವಲಯವನ್ನೂ ನೋಡಲೇಬೇಕು. 2019ರ ಅಧಿಸೂಚನೆಯಂತೆ ಕಡಲಿನ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ನಿಯಂತ್ರಣವಿದೆ, ಉಬ್ಬರವಿಳಿತ ತಟ್ಟುವ ಹೊಳೆಯ ದಂಡೆಗೂ ಪ್ರತ್ಯೇಕ ಗೆರೆಯಿದೆ. ನಮ್ಮ ಜಾಗ ಎರಡರಿಂದಲೂ ಹೊರಗಿತ್ತು.

ಕಲ್ಲಿನ ಕೆಳಗಿನ ಮಣ್ಣು

ಮನೆ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆಯನ್ನು ನಕ್ಷೆಯ ಕಾಗದದ ಮೇಲೆ ಇತ್ಯರ್ಥ ಮಾಡಲು ನನಗೆ ಇಷ್ಟವಿರಲಿಲ್ಲ. ಹಾಗಾಗಿ 2023ರ ಬೇಸಿಗೆಯಲ್ಲಿ ಬಾವಿ ತೋಡುವವರಿಂದಲೇ ಜಾಗದುದ್ದಕ್ಕೂ ಪರೀಕ್ಷಾ ಗುಂಡಿಗಳನ್ನು ತೆಗೆಸಿದೆವು. ಯಂತ್ರ ಬೇಡವೆಂದದ್ದಕ್ಕೆ ಕಾರಣವಿದೆ. ಯಂತ್ರದ ಬಕೆಟ್ಟು ಪದರಗಳನ್ನು ಕಲಸಿ ಹಾಕುತ್ತದೆ. ಗುದ್ದಲಿ ಹಿಡಿದವನಿಗೆ ಮಣ್ಣು ಎಲ್ಲಿ ಬದಲಾಯಿತೆಂಬುದು ಕೈಗೇ ತಿಳಿಯುತ್ತದೆ.

ನೆತ್ತಿಯಲ್ಲಿ ಗಟ್ಟಿ ಜಂಬಿಟ್ಟಿಗೆ ಎರಡೂವರೆ ಮೀಟರಿಗೂ ಹೆಚ್ಚು ದಪ್ಪವಿತ್ತು. ಪೂರ್ವದ ಹೆಗಲಿನಲ್ಲಿ ಎರಡು ಮೀಟರ್. ಪಶ್ಚಿಮದ ಅಂಚಿಗೆ ಹೋದಂತೆ ಅದು ತೆಳುವಾಗುತ್ತ ಬಂದು, ಮಾಲೀಕರು ಈಜುಕೊಳಕ್ಕೆಂದು ಗೂಟ ಹೊಡೆದಿದ್ದ ಜಾಗದಲ್ಲಿ ಒಂದು ಮೀಟರೂ ಇರಲಿಲ್ಲ. ಅದರ ಕೆಳಗೆ ಬಿಳಿ, ನಸುಗೆಂಪು, ಅಲ್ಲಲ್ಲಿ ಹಳದಿ ಗೆರೆಗಳ ನುಣ್ಣನೆಯ ಮಣ್ಣು. ನಮ್ಮ ಕಡೆ ಶೇಡಿ ಮಣ್ಣು ಎನ್ನುವುದು ಇದನ್ನೇ.

ಈ ಜೋಡಿಯನ್ನು ಅರ್ಥ ಮಾಡಿಕೊಳ್ಳದೆ ಕರಾವಳಿಯ ಗುಡ್ಡದ ಮೇಲೆ ಗೆರೆ ಎಳೆಯಬಾರದು. ಜಂಬಿಟ್ಟಿಗೆ ಮೂಲತಃ ಬಂಡೆಯೇ ಸವೆದು ಆದದ್ದು. ಲಕ್ಷಾಂತರ ವರ್ಷಗಳ ಮಳೆ ಬಂಡೆಯೊಳಗಿನ ಸಿಲಿಕಾದಂಥ ಅಂಶಗಳನ್ನು ತೊಳೆದೊಯ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನು ಮೇಲೆ ಉಳಿಸಿದೆ. ಕಬ್ಬಿಣ ಗಟ್ಟಿಯಾಗಿ ಮೇಲ್ಪದರ ಕಲ್ಲಾಗುತ್ತದೆ, ಆದರೆ ಒಳಗೆಲ್ಲ ರಂಧ್ರ. ಮಳೆನೀರು ಅದರೊಳಗೆ ಸರಾಗವಾಗಿ ಇಳಿಯುತ್ತದೆ. ಕೆಳಗಿನ ಶೇಡಿ ಪದರ ಮಾತ್ರ ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ನೀರು ಅದರ ಮೇಲೆ ಅಡ್ಡಕ್ಕೆ ಹರಿದು ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಹಿರಿಯರ ಮನೆಯ ಬಾವಿ ಮೇ ತಿಂಗಳಲ್ಲೂ ಬತ್ತದಿರುವುದು ಈ ಕಾರಣಕ್ಕೆ. ಒಣಗಿದ್ದಾಗ ಶೇಡಿ ಮಣ್ಣು ಬಹಳ ಗಟ್ಟಿ, ಲಂಬವಾಗಿ ಕತ್ತರಿಸಿದರೂ ಬೇಸಿಗೆಯಿಡೀ ನಿಲ್ಲುತ್ತದೆ. ನೀರು ಕುಡಿದು ತುಂಬಿದಾಗ ಆ ಬಲವೆಲ್ಲ ಹೋಗುತ್ತದೆ. ಫೆಬ್ರುವರಿಯಲ್ಲಿ ಜೆಸಿಬಿ ತಂದು ಗುಡ್ಡ ಕತ್ತರಿಸಿದವನಿಗೆ ತನ್ನ ಕೆಲಸ ಭದ್ರವಾಗಿದೆ ಎನ್ನಿಸುವುದೂ, ಜುಲೈಯಲ್ಲಿ ಅದೇ ಗೋಡೆ ಮನೆಯ ಮೇಲೆ ಬರುವುದೂ ಇದರಿಂದಲೇ.

ಮಾಲೀಕರ ಯೋಜನೆಯಂತೆ ನಡೆದಿದ್ದರೆ ಪಶ್ಚಿಮದ ಅಂಚಿನಲ್ಲಿ ಮೂರು ಮೀಟರ್ ಎತ್ತರಕ್ಕೆ ಕತ್ತರಿಸಿ, ತೆಗೆದ ಮಣ್ಣನ್ನು ಹೊರಗೆ ತಳ್ಳಿ, ಆ ತುಂಬಿದ ಮಣ್ಣಿನ ಮೇಲೆ ಕೊಳ ಕೂರಿಸಬೇಕಿತ್ತು. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಒಂದೂಕಾಲು ಮೀಟರ್ ಆಳದ ಕೊಳವೆಂದರೆ ನೀರಿನ ಭಾರವೇ ನಲವತ್ತು ಟನ್. ಭಾರಕ್ಕಿಂತ ನನ್ನನ್ನು ಹೆದರಿಸಿದ್ದು ಸೋರಿಕೆ. ಕೊಳ ಸೋರುವುದು ತಿಳಿಯುವ ಹೊತ್ತಿಗೆ ಆ ನೀರು ಶೇಡಿ ಪದರದ ಮೇಲೆ ಕುಳಿತು ಎಷ್ಟೋ ದಿನಗಳಾಗಿರುತ್ತವೆ. ಕೊಳ ಬೇಡವೆಂದು ನಾನು ಬರೆದುಕೊಟ್ಟೆ. ಮಾಲೀಕರು ಬೇರೊಬ್ಬ ಎಂಜಿನಿಯರರನ್ನು ಕೇಳಿದರು. ಅವರು ಕಟ್ಟಬಹುದು ಎಂದರು, ಆದರೆ ಅದಕ್ಕೆ ಬೇಕಾಗುವ ಆಳದ ಕಂಬಗಳ ವೆಚ್ಚವನ್ನೂ ಹೇಳಿದರು. ಆ ಮೊತ್ತ ನನ್ನ ವಾದಕ್ಕಿಂತ ಪರಿಣಾಮಕಾರಿಯಾಗಿತ್ತು.

ಕಟ್ಟಡವನ್ನು ಕೊನೆಗೆ ಪೂರ್ವದ ಹೆಗಲಿಗೆ, ನೆತ್ತಿಗಿಂತ ನಾಲ್ಕು ಮೀಟರ್ ಕೆಳಗೆ ತಂದೆವು. ಇಳಿಜಾರಿಗೆ ಅನುಗುಣವಾಗಿ ಮನೆಯನ್ನು ಮೂರು ಹಂತಗಳಾಗಿ ಒಡೆದು, ಒಂದೊಂದರ ನಡುವೆ 1.2 ಮೀಟರ್ ಎತ್ತರದ ವ್ಯತ್ಯಾಸ ಇಟ್ಟೆವು. ಎಲ್ಲಿಯೂ ಒಂದೂವರೆ ಮೀಟರಿಗಿಂತ ಹೆಚ್ಚು ಕತ್ತರಿಸುವಂತಿಲ್ಲ, ಅಡಿಪಾಯ ಗಟ್ಟಿ ಜಂಬಿಟ್ಟಿಗೆಯಲ್ಲೇ ಮುಗಿಯಬೇಕು, ಶೇಡಿ ಪದರವನ್ನು ತೆರೆದು ತೋರಿಸಲೇಬಾರದು ಎಂದು ಗುತ್ತಿಗೆಯಲ್ಲೇ ಬರೆಸಿದೆವು.

ಪಡುವಣದ ತಕರಾರು

ನಮ್ಮ ಕರಾವಳಿಯಲ್ಲಿ ನೋಟವೂ ಪಶ್ಚಿಮಕ್ಕೇ, ಶಿಕ್ಷೆಯೂ ಪಶ್ಚಿಮದಿಂದಲೇ. ನೈಋತ್ಯ ಮುಂಗಾರಿನ ಗಾಳಿ ಮಳೆ ಆ ಕಡೆಯಿಂದ ಬರುತ್ತವೆ. ಬೇಸಿಗೆಯ ಸಂಜೆಯ ಬಿಸಿಲು ಆ ಕಡೆಯದು. ಉಪ್ಪು ತುಂಬಿದ ಗಾಳಿಯೂ ಅಲ್ಲಿಂದಲೇ. ಮಾಲೀಕರು ಮೊಬೈಲಿನಲ್ಲಿ ತೋರಿಸಿದ ಗಾಜಿನ ಮನೆಗಳ ಚಿತ್ರಗಳೆಲ್ಲ ಡಿಸೆಂಬರಿನಲ್ಲಿ ತೆಗೆದವೆಂದು ನನ್ನ ಅನುಮಾನ. ಜುಲೈಯಲ್ಲಿ ತೆಗೆದ ಒಂದೇ ಒಂದು ಚಿತ್ರ ತೋರಿಸಿ ಎಂದು ಕೇಳಿದ್ದೆ. ಅದಕ್ಕೆ ಉತ್ತರ ಬರಲಿಲ್ಲ.

ಮೊದಲು ಗಾಳಿ. ಗಾಳಿಯ ಭಾರ ಲೆಕ್ಕ ಹಾಕುವ ಭಾರತೀಯ ಮಾನಕ 875ರ ಮೂರನೇ ಭಾಗದಲ್ಲಿ ಮಂಗಳೂರಿಗೆ ಮೂಲ ವೇಗ ಸೆಕೆಂಡಿಗೆ 39 ಮೀಟರ್ ಎಂದಿದೆ. ನಾವೂ ಅದನ್ನೇ ಹಿಡಿದೆವು. ಅದೇ ಮಾನಕ ಗುಡ್ಡದ ತುದಿಗೆ ಪ್ರತ್ಯೇಕ ಗುಣಕವೊಂದನ್ನು ಕೊಡುತ್ತದೆ. ಇಳಿಜಾರು ಮೂರು ಡಿಗ್ರಿ ಮೀರಿದರೆ ಅದು 1ರಿಂದ 1.36ರವರೆಗೆ ಏರುತ್ತದೆ. ನಮ್ಮ ನೆತ್ತಿಗೆ ಅದು 1.2ರ ಆಸುಪಾಸಿಗೆ ಬಂತು. ಕೇಳಲು ಸಣ್ಣ ಸಂಖ್ಯೆ. ಆದರೆ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಬಯಲಿನ ಮನೆಗಿಂತ ಶೇಕಡಾ 44 ಹೆಚ್ಚು ಹೊಡೆತ. ಆ ಹೊಡೆತವನ್ನು ನೆಲದಿಂದ ಸೂರಿನವರೆಗಿನ ಗಾಜು ತಡೆಯಬಲ್ಲದು, ದಪ್ಪ ಹೆಚ್ಚಿಸಿದರೆ ಆಯಿತು. ಗಾಜಿನ ಚೌಕಟ್ಟಿನ ಸಂದಿಯಿಂದ ನುಗ್ಗುವ ನೀರನ್ನು ನಾಲ್ಕು ತಿಂಗಳು ತಡೆಯುವುದು ಬೇರೆಯೇ ಮಾತು. ಗುಡ್ಡದ ಅಂಚಿನಲ್ಲಿ ಗಾಳಿ ಇಳಿಜಾರನ್ನು ಹತ್ತಿ ಬರುತ್ತದೆ, ಮಳೆ ಕೆಳಗಿನಿಂದ ಮೇಲಕ್ಕೆ ಎರಚುತ್ತದೆ. ಮೇಲಿನಿಂದ ಬೀಳುವ ಮಳೆಗೆಂದು ಮಾಡಿದ ಸಜ್ಜೆ, ನೀರಿಳಿಯುವ ಗೀರುಗಳೆಲ್ಲ ಅಲ್ಲಿ ನಿರುಪಯೋಗಿ.

ಬಿಸಿಲಿನ ಲೆಕ್ಕವೂ ಇಂಥದ್ದೇ. ಕುಮಟಾ ಇರುವುದು ಹದಿನಾಲ್ಕು ಡಿಗ್ರಿ ಮೀರಿದ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ, ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿ 52 ಡಿಗ್ರಿ ಎತ್ತರದಲ್ಲಿರುತ್ತಾನೆ. ಉತ್ತರ ದಕ್ಷಿಣದ ಗೋಡೆಗಳಿಗೆ ಮುಂಚಾಚು ಸಾಕು. ಪಶ್ಚಿಮದ ಸೂರ್ಯ ಮಾತ್ರ ಕೆಳಕ್ಕಿಳಿದು ನೇರ ಕೋಣೆಯೊಳಕ್ಕೆ ಬರುತ್ತಾನೆ, ಯಾವ ಸಜ್ಜೆಯೂ ಅವನನ್ನು ತಡೆಯುವುದಿಲ್ಲ. ಪರದೆ ಎಳೆಯಬೇಕಾಗುತ್ತದೆ. ಬೇಸಿಗೆಯಲ್ಲಿ ಪರದೆ, ಮಳೆಗಾಲದಲ್ಲಿ ಮಂಜು ಕವಿದ ಗಾಜು. ಹಾಗಾದರೆ ಸಮುದ್ರ ಕಾಣುವುದು ಯಾವಾಗ ಎಂದು ನಾನು ಮಾಲೀಕರನ್ನು ಕೇಳಿದ್ದು ಇದನ್ನೆಲ್ಲ ಹಾಳೆಯ ಮೇಲೆ ಇಟ್ಟ ಮೇಲೆ.

ಪಟ್ಟಿಯ ದಿಕ್ಕು ಬದಲಾದದ್ದು ಅಲ್ಲಿ. ಪೂರ್ವದ ಹೆಗಲಿನಿಂದ ಕಾಣುವ ನೋಟವನ್ನು ಅವರು ಅದುವರೆಗೆ ಗಂಭೀರವಾಗಿ ನೋಡಿರಲೇ ಇಲ್ಲ. ಉಬ್ಬರವಿಳಿತಕ್ಕೆ ತಕ್ಕಂತೆ ತುಂಬಿ ಬರಿದಾಗುವ ಹಿನ್ನೀರು, ಇಳಿತದ ಹೊತ್ತಿಗೆ ಬಳಚು ಎಂಬ ಚಿಪ್ಪುಜೀವಿ ಹೆಕ್ಕಲು ಇಳಿಯುವ ಜನ, ಗಜನಿಯ ಕಟ್ಟೆಗಳು, ದಿನಕ್ಕೊಂದು ಬಣ್ಣದ ಘಟ್ಟ. ಸಮುದ್ರ ದೊಡ್ಡದು ನಿಜ. ವರ್ಷವಿಡೀ ಕಿಟಕಿಯ ಬಳಿ ಕುಳಿತು ನೋಡುವವನಿಗೆ ಅಳಿವೆಯಲ್ಲಿ ನಡೆಯುವಷ್ಟು ಸಂಗತಿ ಸಮುದ್ರದಲ್ಲಿ ನಡೆಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಮಾಲೀಕರ ಪತ್ನಿ ಇದನ್ನು ಒಪ್ಪಿದರು. ಮಾಲೀಕರು ಒಪ್ಪಿದ್ದು ಒಂದು ಷರತ್ತಿನ ಮೇಲೆ: ಸಂಜೆ ಕುಳಿತು ಸೂರ್ಯಾಸ್ತ ನೋಡಲು ನೆತ್ತಿಯಲ್ಲೊಂದು ಜಾಗ ಬೇಕು.

ಆ ಜಾಗ ಚಿರೆಕಲ್ಲಿನ ಒಂದು ಕಟ್ಟೆ, ಅದರ ಮೇಲೆ ನಾಲ್ಕು ಕಂಬ, ಹಂಚಿನ ಮಾಡು. ಗೋಡೆಯಿಲ್ಲ, ಗಾಜಿಲ್ಲ, ವಿದ್ಯುತ್ ಸಂಪರ್ಕವೂ ಇಲ್ಲ. ಮನೆಯಿಂದ ಅಲ್ಲಿಗೆ ಮೆಟ್ಟಿಲ ದಾರಿ. ಮನೆಯೊಳಗೆ ಸಮುದ್ರಕ್ಕೆಂದು ತೆರೆದದ್ದು ಮಹಡಿ ಮೆಟ್ಟಿಲಿನ ತಿರುವಿನಲ್ಲಿರುವ ಒಂದೇ ಕಿರಿದಾದ, ತೆರೆಯಲಾಗದ ಕಿಟಕಿ. ನೆತ್ತಿಯ ಅಂಚಿನ ಮೇಲಿಂದ ಒಂದು ಗೇಣು ನೀಲಿ ಅದರಲ್ಲಿ ಕಾಣುತ್ತದೆ.

ಗೋಡೆ ಮತ್ತು ಮಾಡು

ಆಧುನಿಕ ಮನೆ ಬೇಕೆಂದರೆ ಚಿರೆಕಲ್ಲು, ಹಂಚು ಬಿಡಬೇಕೆಂದು ಯಾರು ಹೇಳಿದರೋ ತಿಳಿಯದು. ಉದ್ದನೆಯ, ಅಲಂಕಾರವಿಲ್ಲದ ಗೋಡೆ, ವಿಶಾಲವಾದ ತೆರೆದ ಹಜಾರ, ಬೆಳಕು ತುಂಬಿದ ಅಡುಗೆಮನೆ, ಕೋಣೆಗಳ ನಡುವೆ ಅನವಶ್ಯಕ ಮೂಲೆಗಳಿಲ್ಲದಿರುವುದು ಇವೆಲ್ಲ ಈ ಮನೆಯಲ್ಲಿವೆ. ಸಾಮಗ್ರಿ ಮಾತ್ರ ಊರಿನದು.

ಚಿರೆಕಲ್ಲನ್ನು ಹತ್ತಿರದ ಪರವಾನಗಿ ಇರುವ ಕ್ವಾರಿಯಿಂದ ತರಿಸಿ ಒಂದು ಮಳೆಗಾಲ ಬಯಲಲ್ಲೇ ಬಿಟ್ಟೆವು. ನೆಲದಿಂದ ಕಡಿದಾಗ ಮೆದುವಾಗಿರುವ ಈ ಕಲ್ಲು ಗಾಳಿಗೆ ಬಿದ್ದು ಗಡುಸಾಗುತ್ತದೆ. ಮೆದು ಮಣ್ಣಿನ ತುಣುಕುಗಳಿದ್ದರೆ ಮಳೆ ಅವನ್ನು ತೊಳೆದು ಗುಳಿ ತೋರಿಸುತ್ತದೆ, ಅಂಥ ಕಲ್ಲನ್ನು ಮೇಸ್ತ್ರಿ ಬದಿಗಿಡುತ್ತಾನೆ. ಮಾನಕದ ಪ್ರಕಾರ ಚಿರೆಕಲ್ಲಿಗೆ ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಒತ್ತು ತಾಳುವ ಬಲ ಇರಬೇಕು. ತೂಕದ ಶೇಕಡಾ 12ರವರೆಗೆ ನೀರು ಹೀರಿದರೂ ಮಾನಕ ಒಪ್ಪುತ್ತದೆ. ಆ ಎರಡನೆಯ ಅಂಕಿಯೇ ತೊಂದರೆಯದು. ಪಶ್ಚಿಮದ ಗೋಡೆಯನ್ನು ಹಾಗೇ ಒಂದೇ ಪದರದಲ್ಲಿ ಕಟ್ಟಿದರೆ ಆಗಸ್ಟ್ ಹೊತ್ತಿಗೆ ಒಳಗೆ ತೇವ ಮೂಡುತ್ತದೆ. ಹಾಗಾಗಿ ಆ ಒಂದು ಗೋಡೆಯನ್ನು ಎರಡು ಪದರಗಳಲ್ಲಿ, ನಡುವೆ ಎರಡು ಇಂಚು ಖಾಲಿ ಬಿಟ್ಟು ಕಟ್ಟಿದೆವು. ಹೊರಪದರ ನೆನೆಯಲಿ, ನೀರು ಒಳಮೈಯಲ್ಲಿ ಇಳಿದು ಬುಡದ ಕಿಂಡಿಗಳಿಂದ ಹೊರಹೋಗಲಿ ಎಂಬ ಲೆಕ್ಕ. ಸಂದಿಗೆ ಸುಣ್ಣದ ಗಾರೆ. ಸಿಮೆಂಟು ಈ ಕಲ್ಲಿಗಿಂತ ಗಟ್ಟಿಯಾಗಿ ಕುಳಿತು ತೇವವನ್ನು ಒಳಗೇ ಹಿಡಿದಿಡುತ್ತದೆ. ಆ ಗೋಡೆಯಲ್ಲಿರುವುದು ಸ್ನಾನಗೃಹ, ಉಗ್ರಾಣ, ಬಟ್ಟೆಯ ಕಪಾಟು, ಮೆಟ್ಟಿಲು. ವಾಸದ ಕೋಣೆಗಳೆಲ್ಲ ಪೂರ್ವಕ್ಕೆ.

ಸಮತಟ್ಟು ತಾರಸಿಯ ವಿಷಯದಲ್ಲಿ ಹೆಚ್ಚು ವಾದ ಮಾಡಬೇಕಾಗಲಿಲ್ಲ. ಕುಮಟಾ, ಹೊನ್ನಾವರ, ಅಂಕೋಲಾ ಎಲ್ಲಿಯಾದರೂ ಒಂದು ಸುತ್ತು ಹಾಕಿದರೆ ಸಾಕು. ತಾರಸಿ ಮನೆ ಕಟ್ಟಿದವರು ಕೆಲವೇ ಮಳೆಗಾಲ ಕಂಡು ಅದರ ಮೇಲೆ ಕಬ್ಬಿಣದ ಕಂಬ ನೆಟ್ಟು ತಗಡು ಹೊದಿಸಿದ್ದಾರೆ. ಹೇಗೂ ಮಾಡು ಬರುವುದೇ ಆದರೆ ಅದನ್ನು ಮೊದಲೇ ಅಂದವಾಗಿ ಹಾಕೋಣ ಎಂದೆ.

ಮಾಡಿನ ಆಕಾರ ಈ ಮನೆಯಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಭಾಗ. ಎರಡು ಇಳಿಗಳು ಮೇಲೆ ಕೂಡುವ ಏಣು ನಡುವೆ ಇಲ್ಲ, ಪಶ್ಚಿಮದ ಗೋಡೆಗೆ ಹತ್ತಿರವಿದೆ. ಪಶ್ಚಿಮದ ಇಳಿ ಚಿಕ್ಕದು, ಕಡಿದು. ಪೂರ್ವದ್ದು ಉದ್ದ, 30 ಡಿಗ್ರಿ, ಜಗಲಿಯ ಮೇಲೆ ತಲೆಯೆತ್ತರಕ್ಕೆ ಇಳಿದು ನಿಲ್ಲುತ್ತದೆ. ಏಣಿನಲ್ಲಿ ಪಶ್ಚಿಮದ ಇಳಿ ಪೂರ್ವದ ಇಳಿಗಿಂತ ಮೇಲಿದ್ದು ಎರಡು ಅಡಿ ಮುಂದೆ ಚಾಚಿದೆ, ಅದರ ನೆರಳಿನಲ್ಲಿ ಮನೆಯುದ್ದಕ್ಕೂ ಗಾಳಿಕಿಂಡಿ. ಗಾಳಿ ಪಶ್ಚಿಮದಿಂದ ಮಾಡನ್ನು ಹತ್ತಿ ದಾಟಿದಾಗ ಏಣಿನ ಮರೆಯಲ್ಲಿ ಒತ್ತಡ ತಗ್ಗಿ ಸೆಳೆತ ಉಂಟಾಗುತ್ತದೆ. ಆ ಸೆಳೆತ ಮನೆಯೊಳಗಿನ ಬಿಸಿಗಾಳಿಯನ್ನು ಹೊರಕ್ಕೆ ಎಳೆಯುತ್ತದೆ. ಕಿಂಡಿ ಪೂರ್ವಕ್ಕೆ ತೆರೆದಿರುವುದರಿಂದ ಇರಚಲು ಒಳಬರುವುದಿಲ್ಲ. ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಹಜಾರಕ್ಕೆ ಹವಾನಿಯಂತ್ರಕ ಬೇಕಾಗಿಲ್ಲ. ಮಲಗುವ ಕೋಣೆಗಳಿಗೆ ಹಾಕಿಸಿದ್ದಾರೆ, ಬೇಡವೆಂದು ನಾನೂ ಹೇಳಲಿಲ್ಲ.

ಅದೇ ಸೆಳೆತ ಹಂಚುಗಳನ್ನೂ ಎತ್ತುತ್ತದೆ ಎಂಬುದನ್ನು ಮರೆಯಬಾರದು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಈ ಕರಾವಳಿಯ ಮನೆಗಳ ತಲೆ ಕಾಯುತ್ತಿರುವ ಹಂಚು ತನ್ನ ಭಾರದಿಂದಲೇ ಕೂರುವಂಥದ್ದು. ಗುಡ್ಡದ ಮೇಲೆ ಆ ಭಾರ ಸಾಲದು. ಏಣು ಮತ್ತು ಅಂಚುಗಳ ಹಂಚನ್ನೆಲ್ಲ ತಾಮ್ರದ ತಂತಿಯಿಂದ ಕಟ್ಟಿಸಿದೆವು, ಅಡಿಯಲ್ಲಿ ನೀರು ತಡೆಯುವ ಹಾಳೆ ಹಾಸಿದೆವು. ಕಬ್ಬಿಣದ ಟ್ರಸ್ ಬೇಡವೆಂದು ಮತ್ತಿ ಮರದ ತೊಲೆಗಳನ್ನು ಹಾಕಿದೆವು. ಉಪ್ಪಿನ ಗಾಳಿಗೆ ಕಬ್ಬಿಣ ಎಷ್ಟು ಬೇಗ ಸೋಲುತ್ತದೆಂದು ತಿಳಿಯಲು ಇಲ್ಲಿನ ಯಾವುದಾದರೂ ಹಳೆಯ ಗೇಟು ನೋಡಿದರಾಯಿತು. ಕಾಂಕ್ರೀಟಿಗೂ ಇದೇ ನಿಯಮ. ಮಾನಕ 456 ಕಡಲ ಹವೆಗೆ ತೆರೆದಿರುವ ಕಾಂಕ್ರೀಟಿಗೆ ಎಂ30 ಎಂಬ ಬಲದ ದರ್ಜೆ ಮತ್ತು ಒಳಗಿನ ಕಬ್ಬಿಣದ ಕಂಬಿಯ ಮೇಲೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಕೇಳುತ್ತದೆ. ಇದನ್ನು ಗುತ್ತಿಗೆದಾರರಿಂದ ಪಾಲಿಸುವಂತೆ ಮಾಡುವುದೇ ನಿಜವಾದ ಕೆಲಸ. ಬಾಗಿಲು ಕಿಟಕಿಗಳ ತಿರುಗಣೆ, ಚಿಲಕಗಳೆಲ್ಲ ಹಿತ್ತಾಳೆ. ತುಕ್ಕು ಹಿಡಿಯದ ಉಕ್ಕೆಂದು ಮಾರುವ 304 ದರ್ಜೆಯೂ ಇಲ್ಲಿ ಕಂದು ಕಲೆ ಕಟ್ಟುತ್ತದೆ, ಬೇಕೇ ಬೇಕಾದ ಕಡೆ ಉಪ್ಪನ್ನು ಹೆಚ್ಚು ತಾಳುವ 316 ದರ್ಜೆ ಬಳಸಿದೆವು.

ನೀರು ತರುವುದು, ನೀರು ಕಳಿಸುವುದು

ಗುಡ್ಡದ ಮೇಲೆ ನೀರಿಲ್ಲ. ಕೊಳವೆಬಾವಿ ಕೊರೆಸಬಹುದಿತ್ತು. ಬುಡದ ಬಾವಿಗಳನ್ನು ನಂಬಿದ ಮನೆಗಳಿಗೆ ಅದರಿಂದ ಏನಾದೀತೋ ಎಂಬ ಆತಂಕ ಹಿರಿಯರಿಗಿತ್ತು, ನನಗೂ ಇತ್ತು. ಮಳೆಯ ಲೆಕ್ಕ ಹಾಕಿದೆವು. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಮಾಡಿನ ಅಡ್ಡಳತೆಯ ವಿಸ್ತಾರ 210 ಚದರ ಮೀಟರ್. ಅಂದರೆ ಆರು ಲಕ್ಷ ಲೀಟರಿಗೂ ಹೆಚ್ಚು. ನೀರಿಗೆ ಕೊರತೆಯಿಲ್ಲ, ಅದನ್ನು ಇಡುವುದೇ ಪ್ರಶ್ನೆ. ನವೆಂಬರ್ ಮಧ್ಯದಿಂದ ಮೇ ಕೊನೆಯವರೆಗೆ ಸುಮಾರು ಇನ್ನೂರು ದಿನ, ನಾಲ್ಕು ಜನ, ತಲೆಗೆ ದಿನಕ್ಕೆ ನೂರು ಲೀಟರ್ ಎಂದರೆ ಎಂಬತ್ತು ಸಾವಿರ ಲೀಟರ್. ನಲವತ್ತು ಸಾವಿರದ ಎರಡು ತೊಟ್ಟಿಗಳನ್ನು ಗಟ್ಟಿ ಕಲ್ಲಿನ ಮೇಲೆ, ನೆಲದ ಹೊರಗೇ ಕಟ್ಟಿದೆವು. ಹೂತರೆ ಅಂದವಾಗಿರುತ್ತಿತ್ತು. ಆದರೆ ಸೋರಿದರೆ ಕಣ್ಣಿಗೆ ಕಾಣಬೇಕು. ಮೊಮ್ಮಕ್ಕಳ ಹಿಂಡು ಬರುವುದು ಮಾವಿನ ಕಾಲದಲ್ಲಿ, ತೊಟ್ಟಿ ತಳ ಕಂಡಿರುವ ಹೊತ್ತಿನಲ್ಲಿ. ಅದಕ್ಕೆ ಬುಡದ ಮನೆಯ ಬಾವಿಯಿಂದ ಒಂದು ಪೈಪು ಇಟ್ಟಿದ್ದಾರೆ.

ಹೆಚ್ಚುವರಿ ನೀರನ್ನು ಇಂಗುಗುಂಡಿಗೆ ಬಿಡೋಣ ಎಂದು ಎಲ್ಲರೂ ಸಲಹೆ ಕೊಟ್ಟರು. ಬಯಲುಸೀಮೆಯಲ್ಲಿ ಇಂಗುಗುಂಡಿ ಪುಣ್ಯದ ಕೆಲಸ, ಘಟ್ಟದ ಮೇಲಿನ ತೋಟಗಳಲ್ಲೂ ಒಳ್ಳೆಯದೇ. ಶೇಡಿ ಮಣ್ಣಿನ ಇಳಿಜಾರಿನ ಮೇಲಂಚಿನಲ್ಲಿ ಅದು ಗುಡ್ಡದ ಹೊಟ್ಟೆಗೆ ನೀರು ತುಂಬುವ ಕೆಲಸ. ಇಂಗಿಸುವುದಿದ್ದರೆ ಬುಡದಲ್ಲಿ ಇಂಗಿಸಿ ಎಂದು ನಾನು ಪಟ್ಟು ಹಿಡಿದೆ. ಶೌಚಾಲಯದ ನೀರಿಗೂ ಇದೇ ತತ್ವ: ಇಳಿಜಾರಿನಲ್ಲಿ ಸೋಕುಗುಂಡಿಯಿಲ್ಲ. ಮುಚ್ಚಿದ ತೊಟ್ಟಿಯಿಂದ ಕಾಬಾಳೆ ನೆಟ್ಟ ಜಲ್ಲಿಯ ಪಾತಿಗೆ, ಅಲ್ಲಿಂದ ಗೇರು ಮರಗಳಿಗೆ ತೆಳುವಾಗಿ ಹರಡಿ ಬಿಡುತ್ತೇವೆ.

ಚರಂಡಿಗೆ ಖರ್ಚು ಮಾಡಿದಷ್ಟು ಹಣವನ್ನು ಮಾಲೀಕರು ಅಡುಗೆಮನೆಗೂ ಖರ್ಚು ಮಾಡಿಲ್ಲ. ಹವಾಮಾನ ಇಲಾಖೆ ದಿನಕ್ಕೆ 204.4 ಮಿಲಿಮೀಟರ್ ಮೀರಿದ ಮಳೆಯನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ಮನೆಯ ಸುತ್ತಲಿನ ಇಪ್ಪತ್ತು ಗುಂಟೆಯ ಮೇಲೆ ಅಷ್ಟು ಬಿದ್ದರೆ ದಿನಕ್ಕೆ ನಾಲ್ಕು ಲಕ್ಷ ಲೀಟರ್. ಗಂಟೆಗೆ 100 ಮಿಲಿಮೀಟರ್ ಬಿರುಸಿನಲ್ಲಿ ಸುರಿದರೆ ಸೆಕೆಂಡಿಗೆ 56 ಲೀಟರ್ ಹೊರಹೋಗಬೇಕು. ಮನೆಯ ಮೇಲ್ಬದಿಗೆ ಕಲ್ಲಿನ ಅರ್ಧಚಂದ್ರಾಕಾರದ ಚರಂಡಿ, ಅದರ ಎರಡೂ ತುದಿಯಿಂದ ಮೆಟ್ಟಿಲುಗಾಲುವೆ. ಬುಡದ ಹಳ್ಳದವರೆಗೆ ನೀರು ಕಲ್ಲಿನ ಮೇಲೆಯೇ ಇಳಿಯುತ್ತದೆ. ಹಂತಗಳ ಅಂಚಿಗೆ ಲಾವಂಚ ನೆಟ್ಟಿದ್ದೇವೆ. ಹಳೆಯ ಗೇರು ಮರಗಳಲ್ಲಿ ಎರಡನ್ನು ಮಾತ್ರ ಕಡಿದೆವು.

ಅಡಿಪಾಯ ಮುಗಿದು ಚರಂಡಿ ಸಿದ್ಧವಾದ ಮೇಲೆ ಬಂದ ಮೊದಲ ಮಳೆಗಾಲ 2024ರದ್ದು. ಆ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಜರಿದು ಗಂಗಾವಳಿ ನದಿಗೆ ಬಿತ್ತು, ಜನ ಸತ್ತರು. 2009ರಲ್ಲಿ ಕಾರವಾರದ ಬಳಿಯ ಕಡವಾಡದಲ್ಲಿ, 2022ರಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಗಳ ಮೇಲೆಯೇ ಗುಡ್ಡ ಬಿದ್ದದ್ದನ್ನು ಇಲ್ಲಿಯವರು ಮರೆತಿರಲಿಲ್ಲ. ಶಿರೂರಿನ ಸುದ್ದಿ ಬಂದ ವಾರ ಮಾಲೀಕರು ಫೋನ್ ಮಾಡಿ ಈಜುಕೊಳದ ಗೂಟಗಳನ್ನು ಕಿತ್ತುಹಾಕಿಸಿ ಎಂದರು. ಅದುವರೆಗೂ ಆ ಗೂಟಗಳು ಅಲ್ಲಿಯೇ ಇದ್ದವು.

ಇನ್ನೊಂದು ಸಂಗತಿಯನ್ನು ಗುಡ್ಡದ ಮನೆಗಳ ವಿನ್ಯಾಸದಲ್ಲಿ ಬಹಳ ಜನ ಬಿಟ್ಟೇಬಿಡುತ್ತಾರೆ: ಸಿಡಿಲು. ಮೇ ತಿಂಗಳ ಗುಡುಗು ಮಳೆಗೆ, ಅಕ್ಟೋಬರಿನ ಹಿಂಗಾರಿಗೆ ಬೋಳುಗುಡ್ಡದ ಮನೆಯೇ ಎತ್ತರದ ಗುರಿ. ಮಿಂಚುಬಂಧಕ ಹಾಕುವುದು ಸುಲಭ, ನೆಲಕ್ಕೆ ಸೇರಿಸುವುದು ಕಷ್ಟ. ಒಣಗಿದ ಜಂಬಿಟ್ಟಿಗೆ ವಿದ್ಯುತ್ತನ್ನು ಸರಿಯಾಗಿ ಹೀರುವುದಿಲ್ಲ. ಒಂದು ಗುಂಡಿ ತೋಡಿ ಸರಳು ಹೂತಾಗ ರೋಧ ಬೇಕಾದ ಹತ್ತು ಓಮ್‌ಗಿಂತ ಬಹಳ ಮೇಲಿತ್ತು. ಮನೆಯ ಸುತ್ತ ತಾಮ್ರದ ಪಟ್ಟಿಯ ಉಂಗುರ ಹೂತು, ಅದನ್ನು ಪೂರ್ವದ ಇಳಿಜಾರಿನ ತೇವದ ಮಣ್ಣಿನವರೆಗೆ ಎಳೆದ ಮೇಲೆ ಸರಿಹೋಯಿತು.

ವಾಸ ಮಾಡಿದ ಮೇಲೆ

2025ರ ಮಳೆಗಾಲ ಮನೆಯಲ್ಲಿ ಜನ ಇದ್ದ ಮೊದಲ ಮಳೆಗಾಲ. ಮಾಡು ಸೋರಲಿಲ್ಲ. ಪಶ್ಚಿಮದ ಗೋಡೆಯ ಒಳಮೈ ಒಣಗಿಯೇ ಇತ್ತು, ಹೊರಮೈ ಪಾಚಿ ಹಿಡಿದು ಹಸಿರಾಯಿತು. ಮಾಲೀಕರಿಗೆ ಅದು ಇಷ್ಟವಿಲ್ಲ, ಅವರ ಪತ್ನಿಗೆ ಇಷ್ಟ. ಆ ಗೋಡೆಗೆ ಹೊಂದಿದ ಕಪಾಟಿನಲ್ಲಿ ಬಟ್ಟೆಗಳಿಗೆ ಬೂಷ್ಟು ಬಂತು. ಗೋಡೆಯಿಂದ ನೀರು ಬರದಿದ್ದರೂ ತೇವದ ಗಾಳಿ ಮುಚ್ಚಿದ ಕಪಾಟಿನಲ್ಲಿ ನಿಲ್ಲುತ್ತದೆ. ಕದಗಳಿಗೆ ಸೀಳುಗಳನ್ನು ಮಾಡಿಸಿ, ಕಪಾಟನ್ನು ಗೋಡೆಯಿಂದ ಮೂರು ಇಂಚು ಸರಿಸಿ ಕೂರಿಸಿದ ಮೇಲೆ ಕಡಿಮೆಯಾಗಿದೆ, ನಿಂತಿಲ್ಲ. ಏಣಿನ ಗಾಳಿಕಿಂಡಿ ಬಿರುಗಾಳಿಗೆ ಸಿಳ್ಳೆ ಹಾಕುತ್ತಿತ್ತು. ಸೊಳ್ಳೆಬಲೆಯ ಚೌಕಟ್ಟಿನ ಸಂದಿ ಅದಕ್ಕೆ ಕಾರಣ, ರಬ್ಬರು ಪಟ್ಟಿ ಹಾಕಿಸಿದ ಮೇಲೆ ನಿಂತಿತು. ನೆತ್ತಿಯ ಕಟ್ಟೆಯ ಮಾಡಿನಿಂದ ಹಂಚುಗಳು ಹಾರಿದವು, ಅದು ನಿರೀಕ್ಷಿತವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಯಾರೂ ಹೋಗುವುದಿಲ್ಲ, ಹೊಸ ಹಂಚು ಅಕ್ಟೋಬರಿನಲ್ಲಿ ಹಾಕಿದರೆ ಸಾಕು. ಪೂರ್ವದ ಜಗಲಿಯಲ್ಲಿ ಮಾತ್ರ ಎಂಥ ಮಳೆಯಲ್ಲೂ ಕುಳಿತುಕೊಳ್ಳಬಹುದು. ಹಿರಿಯರು ಬುಡದ ಮನೆಯಿಂದ ಹತ್ತಿ ಬಂದು ಮಧ್ಯಾಹ್ನ ಅಲ್ಲಿಯೇ ಇರುತ್ತಾರೆ. ಹಾಸಿಗೆಯಿಂದ ಸಮುದ್ರ ಕಾಣುವುದಿಲ್ಲವೆಂಬ ದೂರನ್ನು ಮಾಲೀಕರು ಇನ್ನೂ ಹಿಂತೆಗೆದುಕೊಂಡಿಲ್ಲ.

ಚರಂಡಿಗಳು ಅವುಗಳ ಕೆಲಸ ಮಾಡಿದವು. ಆದರೆ ಅವನ್ನು ಮೇ ಕೊನೆಗೆ ಒಮ್ಮೆ, ಮಳೆಗಾಲದ ನಡುವೆ ವಾರಕ್ಕೊಮ್ಮೆ ಗೇರೆಲೆ ತೆಗೆದು ಸ್ವಚ್ಛ ಮಾಡಲೇಬೇಕು. ಆ ಕೆಲಸಕ್ಕೆ ಜನ ಸಿಗುವುದು ಕಷ್ಟವಾಗಿದೆ. ಮಾಲೀಕರೇ ಗುದ್ದಲಿ ಹಿಡಿಯುತ್ತಾರೆ.

ಈಗ ಚಿಂತೆ ಇರುವುದು ನಮ್ಮ ಜಾಗದ ಬಗ್ಗೆ ಅಲ್ಲ. ಉತ್ತರಕ್ಕಿರುವ ಪಕ್ಕದ ಜಮೀನು ಮಾರಾಟವಾಗಿದೆ. ಕೊಂಡವರು ಬೇಸಿಗೆಯಲ್ಲಿ ಯಂತ್ರ ತಂದು ಪಶ್ಚಿಮದ ಅಂಚಿನಲ್ಲಿ ಲಂಬವಾಗಿ ಕತ್ತರಿಸಿದ್ದಾರೆ, ಬಿಳಿ ಶೇಡಿ ಪದರ ರಸ್ತೆಯಿಂದಲೇ ಕಾಣುತ್ತದೆ. ನಮ್ಮ ಪರೀಕ್ಷಾ ಗುಂಡಿಗಳ ದಾಖಲೆಯನ್ನು ಅವರಿಗೆ ಕೊಟ್ಟಿದ್ದೇವೆ, ಕನಿಷ್ಠ ಮೇಲ್ಬದಿಗೆ ಚರಂಡಿಯಾದರೂ ಹಾಕಿ, ಕತ್ತರಿಸಿದ ಮುಖವನ್ನು ಹಂತಗಳಾಗಿ ಇಳಿಸಿ ಎಂದು ಕೇಳಿದ್ದೇವೆ. ಅವರಿಗೂ ಸಮುದ್ರ ಕಾಣಬೇಕಾಗಿದೆ. ಗಡಿಯುದ್ದಕ್ಕೂ ಜೋಡಿ ಜೋಡಿಯಾಗಿ ಗೂಟಗಳನ್ನು ನೆಟ್ಟು, ನಡುವಿನ ಅಂತರವನ್ನು ಮಾಲೀಕರು ಪ್ರತಿ ಭಾನುವಾರ ಅಳೆದು ಬರೆದಿಡುತ್ತಿದ್ದಾರೆ. ಇದುವರೆಗೆ ವ್ಯತ್ಯಾಸ ಕಂಡಿಲ್ಲ. ಮುಂದಿನ ಮಳೆಗಾಲದಲ್ಲಿ ಅದನ್ನು ದಿನಕ್ಕೊಮ್ಮೆ ಅಳೆಯಬೇಕೆಂದು ಹೇಳಿದ್ದೇನೆ.